ಆದಾಮನಿಗೆ ಎರಡು ಗೋರಿ

ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿಗೆ ಹೋದವರು ಕಡಿದಾದ ಮೆಟ್ಟಿಲು ಹತ್ತಿ, ಯೇಸುವನ್ನು ಶಿಲುಬೆಗೇರಿಸಿದ ಜಾಗವೆಂದು ನಂಬಲಾದ ಬಂಡೆಯ ನೆತ್ತಿಯಲ್ಲಿ ಸಾಲು ನಿಲ್ಲುತ್ತಾರೆ. ಅದರ ನೇರ ಕೆಳಗೆ, ನೆಲಮಟ್ಟದಲ್ಲಿ, ಒಂದು ಪುಟ್ಟ ಪ್ರಾರ್ಥನಾಲಯವಿದೆ. ಅದಕ್ಕೆ ಆದಾಮನ ಹೆಸರು. ಅಲ್ಲಿ ಗಾಜಿನ ಹಿಂದೆ ಬಿರುಕು ಬಿಟ್ಟ ಬಂಡೆ ಕಾಣುತ್ತದೆ. ಮೊದಲ ಮನುಷ್ಯನನ್ನು ಹೂಳಿದ್ದು ಇಲ್ಲಿಯೇ, ಶಿಲುಬೆಯಿಂದ ಸುರಿದ ರಕ್ತ ಈ ಬಿರುಕಿನಲ್ಲಿ ಇಳಿದು ಅವನ ತಲೆಬುರುಡೆಯನ್ನು ತೋಯಿಸಿತು ಎಂಬುದು ಹಳೆಯ ಕ್ರೈಸ್ತ ಐತಿಹ್ಯ. ಅನೇಕ ಶಿಲುಬೆಗಳ ಬುಡದಲ್ಲಿ ಒಂದು ಸಣ್ಣ ತಲೆಬುರುಡೆಯನ್ನು ಕೆತ್ತಿರುತ್ತಾರಲ್ಲ, ಅದು ಆದಾಮನದು.

ಅಲ್ಲಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಹೆಬ್ರೋನ್ ಇದೆ. ಅಬ್ರಹಾಮ ದುಡ್ಡು ಕೊಟ್ಟು ಕೊಂಡ ಮಕ್ಪೇಲ ಗುಹೆ ಇರುವ ಊರು. ಯಹೂದಿ ಪಂಡಿತರ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುಡ್ ಪ್ರಕಾರ ಆ ಗುಹೆಯಲ್ಲಿ ನಾಲ್ಕು ದಂಪತಿಗಳಿದ್ದಾರೆ: ಅಬ್ರಹಾಮ–ಸಾರಾ, ಇಸಾಕ–ರೆಬೆಕ್ಕ, ಯಾಕೋಬ–ಲೇಯ, ಇವರೆಲ್ಲರಿಗಿಂತ ಮೊದಲು ಬಂದು ಮಲಗಿದ ಆದಾಮ–ಹವ್ವ.

ಎರಡೂ ಐತಿಹ್ಯಗಳೇ, ಇತಿಹಾಸವಲ್ಲ. ಆದರೂ ಏದೆನ್ ತೋಟದ ಕಥೆಯನ್ನು ಈ ಎರಡು ಧರ್ಮಗಳು ಹೇಗೆ ಓದುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಗೋರಿಗಳನ್ನು. ಕ್ರೈಸ್ತರು ಆದಾಮನನ್ನು ಶಿಲುಬೆಯ ಕೆಳಗೆ ಹೂಳಿದರು. ಅಲ್ಲಿ ಅವನು ಬಿಡಿಸುವವನಿಗಾಗಿ ಕಾದು ಮಲಗಿದ ಸಾಲಗಾರ. ಯಹೂದಿಗಳು ಅವನನ್ನು ಮನೆತನದ ಸಮಾಧಿಯಲ್ಲಿ ಮಲಗಿಸಿದರು. ಅಲ್ಲಿ ಅವನು ತಪ್ಪು ಮಾಡಿದ, ಆದರೂ ನಮ್ಮವನೇ ಆದ ಮುತ್ತಾತ. ಪಠ್ಯ ಎರಡೂ ಕಡೆ ಒಂದೇ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಎರಡು ಮತ್ತು ಮೂರನೆಯ ಅಧ್ಯಾಯ, ಹೆಚ್ಚೆಂದರೆ ನಾಲ್ಕು ಪುಟ: ದೇವರು ತಿನ್ನಬೇಡ ಎಂದ ಮರದ ಹಣ್ಣನ್ನು ಹಾವಿನ ಮಾತು ಕೇಳಿ ಆದಾಮ–ಹವ್ವ ತಿಂದರು, ತೋಟದಿಂದ ಹೊರಬಿದ್ದರು.

ಆ ನಾಲ್ಕು ಪುಟಗಳಲ್ಲಿ ಏನೇನು ಇಲ್ಲ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ನಮ್ಮ ತಲೆಯಲ್ಲಿರುವ ಏದೆನ್ ಬಹುಪಾಲು ಚಿತ್ರಗಳಿಂದ ಬಂದದ್ದು. ಅಲ್ಲಿ ಸೇಬು ಇಲ್ಲ, ‘ಹಣ್ಣು’ ಎಂದಷ್ಟೇ ಇದೆ. ಲ್ಯಾಟಿನ್‌ನಲ್ಲಿ ‘ಸೇಬು’ ಮತ್ತು ‘ಕೇಡು’ ಎಂಬ ಪದಗಳು ಬರಹದಲ್ಲಿ ಒಂದೇ ರೀತಿ ಕಾಣುವುದೂ ಪಶ್ಚಿಮದ ಕಲಾವಿದರ ಕುಂಚವೂ ಸೇರಿ ಅದನ್ನು ಸೇಬಾಗಿಸಿದವು (ಸಿಸ್ಟೀನ್ ಚಾಪೆಲಿನ ಚಾವಣಿಯಲ್ಲಿ ಮೈಕೆಲಾಂಜೆಲೊ ಬರೆದದ್ದು ಮಾತ್ರ ಅಂಜೂರದ ಮರ). ಅಲ್ಲಿ ಸೈತಾನನೂ ಇಲ್ಲ. ದೇವರು ಮಾಡಿದ ಕಾಡುಪ್ರಾಣಿಗಳಲ್ಲೆಲ್ಲ ಹೆಚ್ಚು ಯುಕ್ತಿಯುಳ್ಳ ಒಂದು ಹಾವು ಇದೆ. ‘ಪತನ’ ಎಂಬ ಮಾತಿಲ್ಲ. ಎಲ್ಲಕ್ಕಿಂತ ಸೋಜಿಗವೆಂದರೆ ‘ಪಾಪ’ ಎಂಬ ಪದವೇ ಇಲ್ಲ. ಬೈಬಲ್‌ನಲ್ಲಿ ಅದು ಮೊದಲು ಬರುವುದು ಮುಂದಿನ ಅಧ್ಯಾಯದಲ್ಲಿ, ತಮ್ಮ ಹೇಬೆಲನನ್ನು ಕೊಲ್ಲುವ ಮುನ್ನ ಆದಾಮನ ಮಗ ಕಾಯಿನನಿಗೆ ದೇವರು ಎಚ್ಚರಿಕೆ ಕೊಡುವಾಗ: ಪಾಪ ಬಾಗಿಲಲ್ಲಿ ಹೊಂಚುಹಾಕಿ ಕೂತಿದೆ, ಆದರೆ ನೀನು ಅದನ್ನು ಆಳಬಲ್ಲೆ. ಶಾಪ ಎಂಬ ಪದ ಏದೆನ್‌ನಲ್ಲಿ ಬೀಳುವುದೂ ಹಾವಿನ ಮೇಲೆ ಮತ್ತು ನೆಲದ ಮೇಲೆ. ಗಂಡಹೆಂಡಿರಿಗೆ ಕಷ್ಟಗಳ ಪಟ್ಟಿ ಸಿಗುತ್ತದೆ, ‘ನೀವು ಶಾಪಗ್ರಸ್ತರು’ ಎಂಬ ಮಾತು ಸಿಗುವುದಿಲ್ಲ.

ಹಣ್ಣಿನ ಹೆಸರಿಲ್ಲದ್ದು ತಾಲ್ಮುಡ್ ಕಾಲದ ಪಂಡಿತರಿಗೆ ಹಬ್ಬವಾಯಿತು. ರಬ್ಬಿ ಮೇಯಿರ್ ದ್ರಾಕ್ಷಿ ಎಂದ. ಮನೆಗೆ ಅಷ್ಟು ಗೋಳು ತರುವುದು ಮದ್ಯವಲ್ಲದೆ ಇನ್ನೇನು? ರಬ್ಬಿ ನೆಹೆಮ್ಯಾ ಅಂಜೂರ ಎಂದ. ಅದರ ಎಲೆಯಿಂದಲೇ ತಾನೆ ಮೈ ಮುಚ್ಚಿಕೊಂಡದ್ದು, ಕೆಡಿಸಿದ್ದೇ ಸರಿಪಡಿಸಿತು. ರಬ್ಬಿ ಯೆಹೂದಾನದು ನನಗೆ ಬಹಳ ಇಷ್ಟವಾದ ಉತ್ತರ: ಗೋಧಿ. ಮಗು ಧಾನ್ಯದ ರುಚಿ ಕಾಣುವ ತನಕ ಅಪ್ಪ, ಅಮ್ಮ ಎಂದು ಕರೆಯಲು ಕಲಿಯುವುದಿಲ್ಲ ಎಂಬುದು ಅವನ ವಾದ. ಅಂದರೆ ಆ ಮರ ಅರಿವಿನ ಮರ, ಅದನ್ನು ತಿನ್ನುವುದು ಮಗು ದೊಡ್ಡದಾಗುವ ಹಾಗೆ. ಮೂವರ ಮಾತನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟು ತಾಲ್ಮುಡ್ ಮುಂದೆ ಹೋಗುತ್ತದೆ, ತೀರ್ಪು ಕೊಡುವುದಿಲ್ಲ. ಈ ಸ್ವಭಾವ ನೆನಪಿರಲಿ. ‘ಯಹೂದಿ ವ್ಯಾಖ್ಯಾನ’ ಎಂದು ಏಕವಚನದಲ್ಲಿ ಹೇಳುವವರು ಆ ಜಗಳಗಂಟ ಪುಟಗಳನ್ನು ತೆರೆದು ನೋಡಿಲ್ಲ.

ಕಥೆಯನ್ನು ಯಾವಾಗ ಓದುತ್ತಾರೆ ಎಂಬುದರಲ್ಲೂ ಸುಳಿವಿದೆ. ಯಹೂದಿ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳಲ್ಲಿ ತೋರಾವನ್ನು, ಅಂದರೆ ಬೈಬಲಿನ ಮೊದಲ ಐದು ಕಾಂಡಗಳನ್ನು, ವರ್ಷವಿಡೀ ವಾರಕ್ಕಿಷ್ಟೆಂದು ಓದಿ ಮುಗಿಸುತ್ತಾರೆ. ಮುಗಿದ ದಿನ ಸುರುಳಿಗಳನ್ನು ಹೊತ್ತು ಕುಣಿಯುವ ಹಬ್ಬವಿದೆ. ಆ ಸಂಭ್ರಮದ ಬೆನ್ನಿಗೇ ಬರುವ ಶನಿವಾರ ಮತ್ತೆ ಮೊದಲಿನಿಂದ ಆರಂಭ: ಸೃಷ್ಟಿ, ಏದೆನ್, ಕಾಯಿನ–ಹೇಬೆಲ, ನೋಹನವರೆಗಿನ ವಂಶಾವಳಿ, ಎಲ್ಲ ಒಂದೇ ಬೆಳಗ್ಗೆ. ಹಾವಿನ ಪ್ರಸಂಗ ಅದರಲ್ಲಿ ಒಂದು ತುಣುಕು. ಕ್ಯಾಥೋಲಿಕ್ ಚರ್ಚುಗಳ ಮೂರು ವರ್ಷದ ವಾಚನಚಕ್ರದಲ್ಲಾದರೆ ಅದೇ ಪ್ರಸಂಗ ಈಸ್ಟರ್‌ಗೆ ಮುಂಚಿನ ಉಪವಾಸಕಾಲದ ಮೊದಲ ಭಾನುವಾರ ಬರುತ್ತದೆ. ಜೊತೆಗೆ ಮೊದಲ ತಲೆಮಾರಿನ ಕ್ರೈಸ್ತ ಬೋಧಕ ಪೌಲ ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯ ಮತ್ತು ಮರಳುಗಾಡಿನಲ್ಲಿ ಯೇಸು ಸೈತಾನನ ಆಮಿಷಗಳನ್ನು ಗೆದ್ದ ಸುವಾರ್ತೆ. ತೋಟದಲ್ಲಿ ಒಬ್ಬ ಸೋತ, ಮರಳುಗಾಡಿನಲ್ಲಿ ಒಬ್ಬ ಗೆದ್ದ. ಹೀಗೆ ಜೋಡಿಸಿಟ್ಟ ಮೇಲೆ ಪ್ರವಚನದ ಅಗತ್ಯವೇ ಇಲ್ಲ.

ಈ ಜೋಡಣೆಯ ಕರ್ತೃ ಪೌಲ. ಹೀಬ್ರೂ ಬೈಬಲ್ ಆದಾಮನ ತಪ್ಪನ್ನು ಮುಂದೆ ಹೆಚ್ಚುಕಡಿಮೆ ಮರೆತೇಬಿಡುತ್ತದೆ. ಪ್ರವಾದಿಗಳು ಜನರನ್ನು ಬೈಯುವಾಗ ಮರಳುಗಾಡಿನಲ್ಲಿ ಹಿರಿಯರು ತಿರುಗಿಬಿದ್ದದ್ದನ್ನು ನೆನೆಯುತ್ತಾರೆ, ಪಾಪಕ್ಕಾಗಿ ನಾಶವಾದ ಸೊದೋಮ್ ಪಟ್ಟಣವನ್ನು ನೆನೆಯುತ್ತಾರೆ, ಹಣ್ಣನ್ನು ನೆನೆಯುವುದಿಲ್ಲ. ಸುವಾರ್ತೆಗಳಲ್ಲಿ ಯೇಸುವಿನ ಬಾಯಲ್ಲೂ ಆದಾಮನ ಹೆಸರು ಬರುವುದಿಲ್ಲ. ಸ್ವತಃ ಯಹೂದಿಯಾಗಿದ್ದ ಪೌಲನೇ ಒಂದನೆಯ ಶತಮಾನದ ನಡುವಿನಲ್ಲಿ ಈ ಸಮೀಕರಣ ಬರೆದ: ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಮರಣ ಬಂತು, ಹಾಗೆಯೇ ಒಬ್ಬನಿಂದ ಬಿಡುಗಡೆ ಬಂತು. ಅವನು ಉತ್ತರದಿಂದ ಪ್ರಶ್ನೆಯ ಕಡೆಗೆ ಹೊರಟವನು ಎಂದು ನನ್ನ ಅನಿಸಿಕೆ. ಯೇಸುವಿನ ಮರಣ–ಪುನರುತ್ಥಾನ ಇಡೀ ಮನುಕುಲಕ್ಕೆ ಮದ್ದು ಎಂಬುದು ಅವನಿಗೆ ಖಚಿತವಾಗಿತ್ತು. ಮದ್ದು ಎಲ್ಲರಿಗೂ ಬೇಕಾದರೆ ಕಾಯಿಲೆಯೂ ಎಲ್ಲರದಾಗಿರಬೇಕು, ಅದಕ್ಕೆ ಎಲ್ಲರಿಗೂ ಸಮಾನನಾದ ಒಬ್ಬ ಪೂರ್ವಜ ಬೇಕು.

ಮುಂದಿನ ತಿರುವು ಒಂದು ಸಣ್ಣ ಪದದ ಮೇಲೆ ನಿಂತಿದೆ. ಪೌಲ ಗ್ರೀಕ್‌ನಲ್ಲಿ ಬರೆದ ವಾಕ್ಯದ ಕೊನೆ ‘ಎಲ್ಲರೂ ಪಾಪ ಮಾಡಿದ್ದರಿಂದ’ ಎಂಬ ಅರ್ಥ ಕೊಡುತ್ತದೆ. ಲ್ಯಾಟಿನ್ ಅನುವಾದದಲ್ಲಿ ಅದು ‘ಅವನೊಳಗೆ ಎಲ್ಲರೂ ಪಾಪ ಮಾಡಿದರು’ ಎಂದು ಓದಿಸಿಕೊಂಡಿತು. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ (354–430) ಓದಿದ್ದು ಈ ಲ್ಯಾಟಿನ್ ಸಾಲನ್ನು. ಆದಾಮ ಹಣ್ಣು ಕಚ್ಚಿದಾಗ ಹುಟ್ಟಲಿರುವ ನಾವೆಲ್ಲರೂ ಅವನೊಳಗೇ ಇದ್ದೆವು, ಆದ್ದರಿಂದ ಅಪರಾಧ ನಮ್ಮದೂ ಹೌದು ಎಂದು ಅವನು ವಾದಿಸಿದ. ಅವನ ಇಡೀ ಸಿದ್ಧಾಂತ ತಪ್ಪು ಅನುವಾದದ ಕೂಸು ಎಂದು ಗೇಲಿ ಮಾಡುವವರಿದ್ದಾರೆ, ಅದು ಸರಿಯಲ್ಲ. ಅವನ ಕೈಯಲ್ಲಿ ಇನ್ನೊಂದು ಗಟ್ಟಿ ಪ್ರಶ್ನೆಯಿತ್ತು: ಏನೂ ಅರಿಯದ ಹಸುಗೂಸಿಗೂ ಚರ್ಚು ಪಾಪಪರಿಹಾರದ ದೀಕ್ಷಾಸ್ನಾನ ಮಾಡಿಸುತ್ತಿದೆಯಲ್ಲ, ಆ ಕೂಸಿನ ಪಾಪ ಯಾವುದು? ಬ್ರಿಟನ್ ಮೂಲದ ತಪಸ್ವಿ ಪೆಲಾಜಿಯಸ್, ಪ್ರತಿ ಮಗುವೂ ಆದಾಮ ಇದ್ದ ಹಾಗೆಯೇ ಹುಟ್ಟುತ್ತದೆ, ಆದಾಮ ಕೆಟ್ಟ ಮಾದರಿ ಅಷ್ಟೇ ಎಂದ. 418ರ ಕಾರ್ಥೇಜ್ ಸಭೆ ಆ ಮತವನ್ನು ಖಂಡಿಸಿತು. 1546ರಲ್ಲಿ ಟ್ರೆಂಟ್ ಮಹಾಸಭೆ ಇನ್ನೊಮ್ಮೆ ಮೊಹರು ಒತ್ತಿತು: ಈ ಪಾಪ ಅನುಕರಣೆಯಿಂದ ಬರುವುದಿಲ್ಲ, ಹುಟ್ಟಿನಿಂದಲೇ ದಾಟಿ ಬರುತ್ತದೆ.

ಜನ್ಮಪಾಪ ಎಂಬುದನ್ನು ಅರ್ಥಮಾಡಿಕೊಳ್ಳಲು ನಮ್ಮ ಕಡೆಯ ಪಿತ್ರಾರ್ಜಿತದ ಲೆಕ್ಕ ಸಾಕು. ಅಗಸ್ಟೀನನ ಲೆಕ್ಕದಲ್ಲಿ ಅಪ್ಪ ಮಾಡಿದ ಸಾಲಕ್ಕೆ ಮಗನೂ ಹೊಣೆ. ಪತ್ರದಲ್ಲಿ ಅವನ ಹೆಬ್ಬೆಟ್ಟೂ ಇದೆ. ಗ್ರೀಕ್‌ನಲ್ಲೇ ಓದಿಕೊಂಡು ಬಂದ ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಸಾಲವನ್ನು ಒಪ್ಪುವುದಿಲ್ಲ. ಅವರ ಪ್ರಕಾರ ನಮಗೆ ಬಂದದ್ದು ಅಪ್ಪನ ಕಾಯಿಲೆ: ಸಾವು, ದೌರ್ಬಲ್ಯ, ಕೆಡುಕಿನ ಕಡೆಗಿನ ಒಲವು. ತಪ್ಪಿನ ಹೊಣೆ ಆದಾಮನಿಗೇ ಬಿಟ್ಟದ್ದು. ಎರಡನೆಯ ಶತಮಾನದ ಬಿಷಪ್ ಐರೇನಿಯಸ್ ಇನ್ನೂ ಮೃದು. ಅವನಿಗೆ ಆದಾಮ–ಹವ್ವ ಇನ್ನೂ ಬಲಿಯದ ಮಕ್ಕಳು, ಅವಸರಪಟ್ಟು ಎಡವಿದವರು. ಗೋಧಿ ಎಂದ ರಬ್ಬಿ ಯೆಹೂದಾನೂ ಅದೇ ಶತಮಾನದವನು. ಇಬ್ಬರನ್ನೂ ಒಂದು ಜಗಲಿಯಲ್ಲಿ ಕೂರಿಸಿದ್ದರೆ ಮಾತು ಕೂಡುತ್ತಿತ್ತೋ ಏನೋ.

ಅಗಸ್ಟೀನನ ಲೆಕ್ಕ ಒಪ್ಪಿದ ಪಶ್ಚಿಮಕ್ಕೆ ಶತಮಾನಗಟ್ಟಲೆ ಉಪಲೆಕ್ಕಗಳ ಕಾಟ ತಪ್ಪಲಿಲ್ಲ. ದೀಕ್ಷಾಸ್ನಾನಕ್ಕೆ ಮುಂಚೆ ತೀರಿಕೊಂಡ ಶಿಶುವಿನ ಗತಿ? ಮಧ್ಯಯುಗದ ಪಂಡಿತರು ಸ್ವರ್ಗವೂ ಅಲ್ಲದ ಯಾತನೆಯೂ ಇಲ್ಲದ ‘ಲಿಂಬೊ’ ಕಲ್ಪಿಸಿದರು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಅಂಥ ಶಿಶುಗಳ ಮುಕ್ತಿಗೆ ಭರವಸೆಯಿಡಲು ಆಧಾರಗಳಿವೆ ಎಂದಿತು. ಯೇಸುವನ್ನು ಹೆತ್ತ ತಾಯಿಗೂ ಜನ್ಮಪಾಪವಿತ್ತೇ? ಇಲ್ಲ, ಆಕೆ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಅದರಿಂದ ಮುಕ್ತಳು ಎಂದು 1854ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಘೋಷಿಸಿದರು. ಇದನ್ನು ಯೇಸುವಿನ ಕನ್ಯಾಜನನದೊಂದಿಗೆ ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಇದು ಮರಿಯಮ್ಮನ ಸ್ವಂತ ಹುಟ್ಟಿಗೆ ಸಂಬಂಧಿಸಿದ್ದು. ಸಾಲವನ್ನೇ ಒಪ್ಪದ ಪೂರ್ವದವರಿಗೆ ಈ ವಿನಾಯಿತಿಯ ಅಗತ್ಯವೂ ಕಾಣಲಿಲ್ಲ. ಇಷ್ಟೆಲ್ಲ ಗಂಭೀರ ಲೆಕ್ಕಾಚಾರದ ನಡುವೆ, ಈಸ್ಟರ್ ಹಿಂದಿನ ರಾತ್ರಿ ದೊಡ್ಡ ಮೇಣದ ಬತ್ತಿಯ ಮುಂದೆ ಹಾಡುವ ಪ್ರಾಚೀನ ಲ್ಯಾಟಿನ್ ಸ್ತುತಿ ಆದಾಮನ ತಪ್ಪನ್ನು ‘ಸೌಭಾಗ್ಯದ ತಪ್ಪು’ ಎಂದು ಕರೆಯುತ್ತದೆ. ಆ ತಪ್ಪಾಗದಿದ್ದರೆ ಇಂಥ ವಿಮೋಚಕ ಸಿಗುತ್ತಿರಲಿಲ್ಲವಲ್ಲ! ಪಾಪವನ್ನು ಅಷ್ಟು ಕರಾಳವಾಗಿ ಬಣ್ಣಿಸಿದ ಪರಂಪರೆಯೇ ಅದಕ್ಕೆ ಹಾಡು ಕಟ್ಟಿದ್ದು ನನಗೆ ಇಂದಿಗೂ ಅಚ್ಚರಿ.

ಈಗ ಇನ್ನೊಂದು ಮನೆಯ ಬೆಳಗು. ಸಂಪ್ರದಾಯಸ್ಥ ಯಹೂದಿ ನಿದ್ದೆಯಿಂದೆದ್ದು ಹೇಳುವ ಪ್ರಾರ್ಥನೆಗಳಲ್ಲಿ ತಾಲ್ಮುಡ್ಡಿನಿಂದ ಬಂದ ಒಂದು ಸಾಲಿದೆ: ‘ನನ್ನ ದೇವರೇ, ನೀನು ನನ್ನೊಳಗಿಟ್ಟ ಆತ್ಮ ನಿರ್ಮಲವಾದದ್ದು.’ ಪ್ರತಿದಿನ, ನಿನ್ನೆ ಏನು ಮಾಡಿದ್ದರೂ. ಹಾಗಾದರೆ ಕೆಡುಕು ಎಲ್ಲಿಂದ? ದೇವರು ಮನುಷ್ಯನನ್ನು ‘ರೂಪಿಸಿದ’ ಎನ್ನುವ ಹೀಬ್ರೂ ಕ್ರಿಯಾಪದದಲ್ಲಿ ‘ಯೋದ್’ ಅಕ್ಷರ ಎರಡು ಸಲ ಬಂದಿದೆ. ಒಂದು ಸಾಕಾಗಿದ್ದ ಕಡೆ ಎರಡೇಕೆ ಎಂದು ರಬ್ಬಿಗಳು ತಲೆಕೆರೆದುಕೊಂಡು, ಮನುಷ್ಯನೊಳಗೆ ಎರಡು ಒಲವುಗಳನ್ನು ಇಟ್ಟಿದ್ದಕ್ಕೆ ಗುರುತು ಎಂದರು: ಒಳಿತಿನ ಒಲವು, ಕೆಡುಕಿನ ಒಲವು. ಅಂದರೆ ಹಣ್ಣು ತಿನ್ನುವ ಮೊದಲೇ, ಮಣ್ಣು ಕಲಸುವಾಗಲೇ ಎರಡೂ ಒಳಗಿದ್ದವು. ಕೆಡುಕಿನ ಒಲವಿಗೂ ಅಲ್ಲಿ ಕೆಲಸವಿದೆ. ಅದಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಹೆರುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ ಎನ್ನುತ್ತದೆ ಆದಿಕಾಂಡದ ಹಳೆಯ ಮಿದ್ರಾಶ್, ಅಂದರೆ ರಬ್ಬಿಗಳ ವ್ಯಾಖ್ಯಾನ. ಅದು ಹಿಡಿತದಲ್ಲಿರಬೇಕು, ಹಿಡಿತಕ್ಕೆ ಸಾಧನ ತೋರಾ. ಕಾಯಿನನಿಗೆ ಹೇಳಿದ ‘ನೀನು ಆಳಬಲ್ಲೆ’ ಎಂಬ ಮಾತು ಈ ಓದಿನ ಕೀಲಿ. ಜೊತೆಗೆ ಪ್ರವಾದಿ ಯೆಹೆಜ್ಕೇಲ: ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಜುಮ್ಮೆನ್ನುತ್ತದೆ ಎಂಬ ಗಾದೆಯನ್ನು ಇನ್ನು ಯಾರೂ ಆಡಬಾರದು, ಮಗ ಅಪ್ಪನ ಅಪರಾಧವನ್ನು ಹೊರುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಚೊಕ್ಕವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಪೌಲನ ಆಲೋಚನೆ ಆಕಾಶದಿಂದ ಉದುರಿದ್ದಲ್ಲ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ನಂತರದ ದುಃಖದಲ್ಲಿ ಬರೆದ ಎರಡು ಯಹೂದಿ ಕೃತಿಗಳಿವೆ. ಎಜ್ರನ ಹೆಸರಿನದು ಗೋಳಿಡುತ್ತದೆ: ಆದಾಮಾ, ಏನು ಮಾಡಿಬಿಟ್ಟೆ! ಪಾಪ ಮಾಡಿದವನು ನೀನು, ಬಿದ್ದವರು ನಾವೂ. ಬಾರೂಕನ ಹೆಸರಿನದು ಅದಕ್ಕೆ ಉತ್ತರದಂತೆ, ನಮ್ಮಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನ ಆದಾಮನೇ ಎನ್ನುತ್ತದೆ. ಮುಂದೆ ಎರಡು ಧರ್ಮಗಳಾಗಿ ಬೇರೆಯಾದ ವಾದ ಮೊದಲು ಒಂದೇ ಮನೆಯ ಜಗಳವಾಗಿತ್ತು. ತಾಲ್ಮುಡ್ಡಿನಲ್ಲೂ, ಹಾವು ಹವ್ವಳೊಳಗೆ ಒಂದು ಕೊಳೆಯನ್ನು ಬಿಟ್ಟಿತು, ತೋರಾ ಪಡೆಯಲು ಸೀನಾಯ್ ಬೆಟ್ಟದ ಬುಡದಲ್ಲಿ ನಿಂತ ಇಸ್ರಾಯೇಲರಿಂದ ಅದು ತೊಲಗಿತು ಎಂಬ ಮಾತಿದೆ. ಸ್ವಂತ ಪಾಪವಿಲ್ಲದೆ ಕೇವಲ ಹಾವಿನ ದುರ್ಬೋಧೆಯಿಂದಾಗಿ ಸತ್ತವರು ನಾಲ್ವರಿದ್ದಾರೆ ಎಂಬ ಪಟ್ಟಿಯೂ ಇದೆ. ವ್ಯತ್ಯಾಸ ಇರುವುದು ಇಂಥ ಮಾತುಗಳಿಗೆ ಕೊಟ್ಟ ಜಾಗದಲ್ಲಿ. ಒಂದು ಕಡೆ ಅವು ಕಟ್ಟಡದ ಅಡಿಗಲ್ಲಾದವು, ಇನ್ನೊಂದು ಕಡೆ ಗೋಡೆಯ ಹಲವು ಕಲ್ಲುಗಳಲ್ಲಿ ಕೆಲವಾಗಿ ಉಳಿದವು.

ಹಾವಿನ ವಿಷಯಕ್ಕೆ ಬರೋಣ. ನಮ್ಮ ಊರುಗಳ ಕ್ಯಾಥೋಲಿಕ್ ಚರ್ಚುಗಳಲ್ಲಿಯೂ ಮಾತೆ ಮರಿಯಮ್ಮನ ಒಂದು ಬಗೆಯ ಪ್ರತಿಮೆ ಕಾಣಸಿಗುತ್ತದೆ: ನೀಲಿ ಮೇಲುಹೊದಿಕೆ, ಬರಿಗಾಲು, ಕಾಲಡಿಯಲ್ಲಿ ಹಾವು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನೆರೆಮನೆಯವರಿಗೆ ಅದು ಕಸಿವಿಸಿಯ ದೃಶ್ಯವಾದೀತು. ಅದರ ಬೇರು ದೇವರು ಹಾವಿಗೆ ಹೇಳುವ ಮಾತಿನಲ್ಲಿದೆ: ನಿನಗೂ ಹೆಂಗಸಿಗೂ, ನಿನ್ನ ಸಂತಾನಕ್ಕೂ ಅವಳ ಸಂತಾನಕ್ಕೂ ಹಗೆ ಇಡುತ್ತೇನೆ; ಅದು ನಿನ್ನ ತಲೆ ಜಜ್ಜುವುದು, ನೀನು ಅದರ ಹಿಮ್ಮಡಿ ಕಚ್ಚುವಿ. ಹೀಬ್ರೂವಿನಲ್ಲಿ ಜಜ್ಜುವುದು ಸಂತಾನ. ಲ್ಯಾಟಿನ್ ಬೈಬಲ್ಲಿನಲ್ಲಿ ಅದು ‘ಅವಳು ಜಜ್ಜುವಳು’ ಎಂದಾಯಿತು, ಅವಳು ಮರಿಯಮ್ಮನಾದಳು, ಶಿಲ್ಪಿಗಳಿಗೆ ವಸ್ತು ಸಿಕ್ಕಿತು. 1979ರ ಪರಿಷ್ಕೃತ ಲ್ಯಾಟಿನ್ ಆವೃತ್ತಿ ತಿದ್ದಿಕೊಂಡಿದೆ. ಪ್ರತಿಮೆಗಳು ಹಾಗೆಯೇ ಇವೆ. ಕ್ರೈಸ್ತರಿಗೆ ಈ ವಾಕ್ಯ ಶಿಕ್ಷೆಯ ನಡುವೆಯೇ ಕೇಳಿಬಂದ ಮೊದಲ ಶುಭವಾರ್ತೆ. ಯಹೂದಿಗಳಿಗೆ ಬಹುಮಟ್ಟಿಗೆ ಮನುಷ್ಯ ಹಾವನ್ನು ಕಂಡರೆ ಕೋಲೆತ್ತುವುದೇಕೆ ಎಂಬುದರ ವಿವರಣೆ. ಅವರಲ್ಲಿ ಹಾವು ಹಾವೇ, ಹವ್ವಳ ಮೇಲೆ ಕಣ್ಣು ಹಾಕಿದ್ದ, ಶಿಕ್ಷೆಯಾಗಿ ಕೈಕಾಲು ಕತ್ತರಿಸಿಕೊಂಡ ಪ್ರಾಣಿ. ಇಲ್ಲೂ ಅಪವಾದವಿದೆ. ಒಂದು ಮಿದ್ರಾಶ್ ಹಾವನ್ನು ಒಂಟೆಯ ಆಕಾರದ್ದನ್ನಾಗಿ ಮಾಡಿ, ಸಮಾಯೇಲ್ ಎಂಬ ದುಷ್ಟ ದೂತನನ್ನು ಅದರ ಬೆನ್ನೇರಿಸಿ ಕಳಿಸುತ್ತದೆ.

ಹವ್ವಳ ಪಾಲಿಗೆ ಎರಡೂ ಕಡೆ ನ್ಯಾಯ ಸಿಕ್ಕಿದ್ದು ಕಡಿಮೆ. ತಿನ್ನಬೇಡ ಎಂಬ ಆಜ್ಞೆ ಬಂದಾಗ ಅವಳು ಹುಟ್ಟಿಯೇ ಇರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹಾವಿಗೆ ಅವಳು ‘ತಿನ್ನಬಾರದು, ಮುಟ್ಟಲೂಬಾರದು’ ಎನ್ನುತ್ತಾಳೆ. ಮುಟ್ಟುವ ಮಾತು ದೇವರು ಹೇಳಿದ್ದಲ್ಲ. ಮಿದ್ರಾಶ್ ಇಲ್ಲಿ ನಿಂತು ಒಂದು ದೃಶ್ಯ ಕಟ್ಟುತ್ತದೆ: ಹಾವು ಅವಳನ್ನು ಮರಕ್ಕೆ ತಳ್ಳಿತು, ನೋಡು, ಮುಟ್ಟಿದೆ, ಸತ್ತೆಯಾ? ಹಾಗೆಯೇ ತಿಂದರೂ ಸಾಯುವುದಿಲ್ಲ. ಬೇಲಿಯನ್ನು ಬೆಳೆಗಿಂತ ಎತ್ತರ ಕಟ್ಟಬೇಡಿ, ಅದು ಬಿದ್ದು ಗಿಡಗಳನ್ನೇ ಮುರಿದೀತು ಎಂದು ರಬ್ಬಿಗಳ ಬುದ್ಧಿವಾದ. ನಮ್ಮಲ್ಲಿ ಬೇಲಿಯೇ ಎದ್ದು ಹೊಲ ಮೇಯುತ್ತದೆ, ಅಲ್ಲಿ ಬೇಲಿಯೇ ಬಿದ್ದು ಹೊಲ ಕೆಡಿಸಿತು. ಆ ಹೆಚ್ಚುವರಿ ಬೇಲಿ ಹಾಕಿದವನು ಆದಾಮನೇ, ಹೆಂಡತಿಗೆ ಆಜ್ಞೆಯನ್ನು ಉಬ್ಬಿಸಿ ಹೇಳಿದ ಎಂಬ ಪಾಠವೂ ಇದೆ. ‘ಪಕ್ಕೆಲುಬು’ ಎಂದು ನಾವು ಓದುವ ಹೀಬ್ರೂ ಪದಕ್ಕೆ ‘ಪಕ್ಕ’ ಎಂಬ ಅರ್ಥವೂ ಇದೆ. ಹಾಗಾಗಿ ಮೊದಲ ಜೀವಿಗೆ ಎರಡು ಮುಖವಿತ್ತು, ದೇವರು ಅದನ್ನು ನಡುವೆ ಸೀಳಿ ಗಂಡು ಹೆಣ್ಣು ಮಾಡಿದ ಎಂದವರೂ ಉಂಟು. ಇಷ್ಟು ಉದಾರವಾಗಿದ್ದವರ ನಡುವೆಯೇ ರಬ್ಬಿ ಆಹಾ ಬರುತ್ತಾನೆ. ಅರಾಮಿಕ್‌ನಲ್ಲಿ ಹಾವಿಗೆ ‘ಹಿವ್ಯಾ’. ಅವನು ಹವ್ವಳಿಗೆ, ನಿನಗೆ ಹಾವು ಆ ಹಾವು, ಆದಾಮನಿಗೆ ಹಾವು ನೀನು ಎಂದುಬಿಟ್ಟ. (ಕನ್ನಡ ಬೈಬಲ್ ಹೀಬ್ರೂವಿಗೆ ಹತ್ತಿರವಾದ ‘ಹವ್ವ’ ಎಂಬ ರೂಪವನ್ನೇ ಉಳಿಸಿಕೊಂಡಿರುವುದರಿಂದ ಈ ಶ್ಲೇಷೆ ನಮಗೆ ತಾನಾಗಿ ಕೇಳಿಸುತ್ತದೆ. ಹವ್ವ, ಹಾವು: ಬರಿಯ ಕಾಕತಾಳೀಯ.) ಕ್ರೈಸ್ತರ ಕಡೆ ತಿಮೊಥೆಯನಿಗೆ ಬರೆದ ಪತ್ರ ಮೋಸಹೋದವನು ಆದಾಮನಲ್ಲ, ಹೆಂಗಸು ಎಂದಿತು, ಆರಂಭಕಾಲದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಹೆಂಗಸರನ್ನೆಲ್ಲ ‘ಸೈತಾನನ ಬಾಗಿಲು’ ಎಂದ. ಅದೇ ಐರೇನಿಯಸ್ ಮಾತ್ರ ಹವ್ವ ಹಾಕಿದ ಗಂಟನ್ನು ಮರಿಯಮ್ಮ ಬಿಚ್ಚಿದಳು ಎಂದು ಸ್ವಲ್ಪ ಸಮಾಧಾನ ಹೇಳಿದ.

ತಿಂದ ಮೇಲೆ ದೇವರು ಕೇಳುವ ಪ್ರಶ್ನೆ ಒಂದೇ ಪದದ್ದು: ‘ಅಯ್ಯೆಕ್ಕಾ?’ ಎಲ್ಲಿದ್ದೀಯ? ಸ್ವರಚಿಹ್ನೆಯಿಲ್ಲದ ಹೀಬ್ರೂ ಬರಹದಲ್ಲಿ ಅದೇ ಅಕ್ಷರಗಳನ್ನು ‘ಏಖಾ’ ಎಂದೂ ಓದಬಹುದು. ಅದು ‘ಅಯ್ಯೋ, ಹೇಗಾಯಿತು’ ಎಂಬ ಉದ್ಗಾರ; ಜೆರುಸಲೇಮ್ ಸುಟ್ಟದ್ದಕ್ಕೆ ಅಳುವ ಪ್ರಲಾಪಗಳ ಗ್ರಂಥ ಶುರುವಾಗುವ ಪದ. ಮಿದ್ರಾಶ್ ದೇವರ ಬಾಯಲ್ಲಿ ಎರಡನ್ನೂ ಹೊಲಿಯುತ್ತದೆ: ಆದಾಮನನ್ನು ತೋಟಕ್ಕೆ ಕರೆತಂದೆ, ಆಜ್ಞೆ ಕೊಟ್ಟೆ, ಮೀರಿದ, ಹೊರಹಾಕಿ ‘ಏಖಾ’ ಎಂದು ಅತ್ತೆ, ಅವನ ಮಕ್ಕಳನ್ನೂ ನಾಡಿಗೆ ತಂದೆ, ಮೀರಿದರು, ಹೊರಹಾಕಿ ಅತ್ತೆ. ನನಗೆ ಯಹೂದಿ ಓದಿನ ಎದೆಬಡಿತ ಕೇಳುವುದು ಇಲ್ಲಿ. ಊರು ಬಿಟ್ಟು ಊರು ಅಲೆದವರಿಗೆ ಏದೆನ್ ಎಂದರೆ ಮೊದಲು ಕಳೆದುಕೊಂಡ ಮನೆ. ಹೊರಹಾಕುವ ಮುನ್ನ ದೇವರು ಇಬ್ಬರಿಗೂ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ಅದನ್ನು ಹಿಡಿದು ತಾಲ್ಮುಡ್, ನೀವೂ ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡಿ ಎನ್ನುತ್ತದೆ. ಕ್ರೈಸ್ತ ಬೋಧಕರಲ್ಲಿ ಹಲವರು ಅದೇ ಚರ್ಮದಲ್ಲಿ ಮೊದಲ ಬಲಿಪಶುವನ್ನು ಕಾಣುತ್ತಾರೆ.

ಕಥೆಯ ಕೊನೆಯಲ್ಲಿ ತೋಟದ ಇನ್ನೊಂದು ಮರವಾದ ಜೀವವೃಕ್ಷದ ದಾರಿಗೆ ಕೆರೂಬಿಗಳೆಂಬ ದೇವದೂತರ ಕಾವಲು ಬೀಳುತ್ತದೆ, ಜೊತೆಗೆ ಸುತ್ತುವ ಬೆಂಕಿಯ ಕತ್ತಿ. ಆ ಕೆರೂಬಿಗಳು ಮತ್ತೆ ಕಾಣಿಸಿಕೊಳ್ಳುವುದು ವಿಮೋಚನಕಾಂಡದಲ್ಲಿ, ದಶಾಜ್ಞೆಗಳ ಕಲ್ಲುಗಳನ್ನಿಟ್ಟ ಮಂಜೂಷದ ಮುಚ್ಚಳದ ಮೇಲೆ, ಚಿನ್ನದ ರೂಪದಲ್ಲಿ. ಅದರ ಮುಂದಿನ ಪರದೆಯ ನೇಯ್ಗೆಯಲ್ಲೂ. ಅಂಥ ಪರದೆ ಯೇಸು ಪ್ರಾಣ ಬಿಟ್ಟ ಗಳಿಗೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಹರಿಯಿತು ಎನ್ನುತ್ತದೆ ಮತ್ತಾಯನ ಸುವಾರ್ತೆ. ಸಿನಗಾಗ್‌ನಲ್ಲಿ ತೋರಾದ ಸುರುಳಿಯನ್ನು ಸುತ್ತಿದ ಮರದ ದಂಡಗಳಿಗೆ ಹೆಸರೇ ‘ಎತ್ಸ್ ಹಾಯಿಮ್’, ಜೀವವೃಕ್ಷ. ಸುರುಳಿಯನ್ನು ಒಳಗಿಡುವಾಗ ಹಾಡುತ್ತಾರೆ: ತನ್ನನ್ನು ಹಿಡಿದವರಿಗೆ ಅವಳು (ಅಂದರೆ ತೋರಾ) ಜೀವವೃಕ್ಷ. ಓದಲು ಹೆಸರು ಕರೆಸಿಕೊಂಡವನು ಮುಂದೆ ಬಂದು ಆ ಮರದ ಹಿಡಿಯನ್ನು ಕೈಯಾರೆ ಹಿಡಿಯುತ್ತಾನೆ.

ಇಸ್ತಾಂಬುಲಿನಲ್ಲಿ ಈಗ ಮಸೀದಿಯಾಗಿರುವ ಹಳೆಯ ಖೋರಾ ಚರ್ಚಿನಲ್ಲಿ ಹದಿನಾಲ್ಕನೆಯ ಶತಮಾನದ ಆರಂಭದ ಒಂದು ಭಿತ್ತಿಚಿತ್ರವಿದೆ. ಪಾತಾಳದ ಬಾಗಿಲುಗಳು ಮುರಿದು ಬಿದ್ದಿವೆ, ಬೀಗಗಳು ಚೆಲ್ಲಾಡಿವೆ. ಬಿಳಿ ಬಟ್ಟೆಯ ಕ್ರಿಸ್ತ ಎರಡು ಗೋರಿಗಳ ನಡುವೆ ಕಾಲು ಅಗಲಿಸಿ ನಿಂತು, ಒಂದು ಕಡೆ ಆದಾಮನನ್ನು, ಇನ್ನೊಂದು ಕಡೆ ಹವ್ವಳನ್ನು ಹೊರಗೆ ಎಳೆಯುತ್ತಿದ್ದಾನೆ. ಹಿಡಿದಿರುವುದು ಅಂಗೈಯನ್ನಲ್ಲ, ಮಣಿಕಟ್ಟನ್ನು. ಎಳೆಸಿಕೊಳ್ಳುತ್ತಿರುವವರ ಬೆರಳುಗಳು ಏನನ್ನೂ ಹಿಡಿದಿಲ್ಲ.